ಹೆಸರು ಮತ್ತು ರಕ್ತ: ಬೆಲ್ಜಿಯಂ ಪಂದ್ಯಪಾರಿವಾಳಗಳ ವಂಶಶೋಧನೆ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಯ ಹಳೆಯ ಕೋಟೆಗೋಡೆಗಳ ಸಂದುಗಳಲ್ಲಿ ಗೂಡುಕಟ್ಟಿಕೊಂಡು ಬಾಳುವ ಬೂದುಬಣ್ಣದ, ರೆಕ್ಕೆಯ ಮೇಲೆ ಎರಡು ಕರಿಯ ಪಟ್ಟೆಗಳುಳ್ಳ ಪಾರಿವಾಳಗಳಿಗೂ, 2020ರ ನವೆಂಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಹರಾಜೊಂದರಲ್ಲಿ 16 ಲಕ್ಷ ಯೂರೋಗಳಿಗೆ ಮಾರಾಟವಾದ ‘ನ್ಯೂ ಕಿಮ್’ ಎಂಬ ಹೆಣ್ಣುಹಕ್ಕಿಗೂ ಮೂಲವಂಶವು ಒಂದೇ ಎಂಬುದು ಪ್ರಾಣಿಶಾಸ್ತ್ರದಲ್ಲಿ ಈಗ ನಿರ್ವಿವಾದವಾದ ಸಂಗತಿಯಾಗಿದೆ. ನಮ್ಮ ದೇಶದ ಬಂಡೆಪಾರಿವಾಳಕ್ಕೆ ಸೊಂಟದ ಮೇಲ್ಭಾಗವೂ ಬೂದುಬಣ್ಣವಾಗಿರುವುದು, ಯೂರೋಪಿನದಕ್ಕೆ ಅದು ಬೆಳ್ಳಗಿರುವುದು. ಇಷ್ಟೇ ಮೇಲುನೋಟದ ಭೇದ. ಆದರೆ ಅದೇ ಜಾತಿಯ ಒಂದು ಹಕ್ಕಿಗೆ ಯಾರೂ ಬೆಲೆ ಕಟ್ಟದಿರುವಾಗ ಇನ್ನೊಂದಕ್ಕೆ ಒಂದು ಊರನ್ನೇ ಕೊಳ್ಳಬಹುದಾದಷ್ಟು ಹಣವನ್ನು ತೆರುವಂತೆ ಮಾಡಿದುದು ಯಾವುದು ಎಂದು ಕೇಳಿದರೆ, ಆ ಹಕ್ಕಿಯ ಕುಲವೆಂಬ ಉತ್ತರವು ಬರುವುದು. ಕುಲವೆಂಬುದನ್ನು ತಿಳಿಯುವುದು ಹೇಗೆ, ಅದಕ್ಕೆ ಪ್ರಮಾಣವೇನು, ಆ ಪ್ರಮಾಣವು ಎಷ್ಟು ದೂರದವರೆಗೆ ನಂಬತಕ್ಕದ್ದು ಎಂಬ ಪ್ರಶ್ನೆಗಳನ್ನು ಸಮಗ್ರವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಮಳಖೇಡದ ಸೀಮೆಯಲ್ಲಿ ನಿಂತು ಎತ್ತುವುದಕ್ಕೆ ಕಾರಣವಿಲ್ಲದಿಲ್ಲ. ವಂಶಾವಳಿಗಳನ್ನು ಓದುವ ವಿದ್ಯೆಯು ಕನ್ನಡನಾಡಿನಲ್ಲಿ ಶಾಸನಗಳ ಮೂಲಕ ಬೆಳೆದುಬಂದಿತು. ಆ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ವಾಲ್ಟರ್ ಎಲಿಯಟ್ ಅಗ್ರಗಣ್ಯನು. 1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಮಡಿದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕಿದ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಒಬ್ಬನೆಂದು ನಮ್ಮ ಓದುಗರು ಬಲ್ಲ ಆ ಎಲಿಯಟನೇ, ಮುಂದೆ ಕನ್ನಡ ಶಾಸನಗಳ ನಕಲುಗಳನ್ನು ನೂರುಗಟ್ಟಲೆಯಾಗಿ ಸಂಗ್ರಹಿಸಿ ಚಾಲುಕ್ಯಾದಿ ರಾಜವಂಶಗಳ ಅನುಕ್ರಮವನ್ನು ನಿರ್ಣಯಿಸಲು ತೊಡಗಿದನು. ಅವನೇ ಮದರಾಸಿನಿಂದ ಚಾರ್ಲ್ಸ್ ಡಾರ್ವಿನ್ನನಿಗೆ ಭಾರತದ ಪಾರಿವಾಳಗಳ ಚರ್ಮಗಳನ್ನು ಕಳುಹಿಸಿಕೊಟ್ಟವನೂ ಹೌದು. 1859ರಲ್ಲಿ ಪ್ರಕಟವಾದ ‘ಜೀವಜಾತಿಗಳ ಉಗಮ’ದ ಮೊದಲನೆಯ ಅಧ್ಯಾಯದಲ್ಲಿ, ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ತಾನೇ ಸದಸ್ಯನಾಗಿ ಸೇರಿ ಆ ಹಕ್ಕಿಗಳನ್ನು ಸಾಕಿ ನೋಡಿದ ಡಾರ್ವಿನ್ನನು, ಎಲಿಯಟನ ಉಪಕಾರವನ್ನು ಹೆಸರಿಸಿ ಸ್ಮರಿಸಿರುವನು. ರಾಜರ ವಂಶವನ್ನು ಕಲ್ಲಿನಿಂದಲೂ ಹಕ್ಕಿಯ ವಂಶವನ್ನು ಗರಿಯಿಂದಲೂ ತಿಳಿಯಬೇಕೆಂಬ ಜಿಜ್ಞಾಸೆಯು ಒಬ್ಬನೇ ಪುರುಷನಲ್ಲಿ ಕೂಡಿದ್ದುದು ನನಗೆ ಬಹಳ ಅರ್ಥವತ್ತಾಗಿ ತೋರುವುದು. ಏಕೆಂದರೆ ಎರಡು ಕಡೆಯ ವಂಶಾವಳಿಗಳಲ್ಲಿಯೂ ಇರುವ ಸತ್ಯ ಒಂದೇ ತೆರನಾದುದು, ತೊಡಕೂ ಒಂದೇ ತೆರನಾದುದು.

ಆ ತೊಡಕನ್ನು ಮಳಖೇಡದ ಅರಸರಿಂದಲೇ ತೋರಿಸಬಹುದು. ಇಲ್ಲಿಂದ ಆಳಿದ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಪುರವರಾಧೀಶ್ವರರೆಂದು ಕರೆದುಕೊಂಡಿರುವರು. ಆ ಲಟ್ಟಲೂರು ಇಂದಿನ ಲಾತೂರೆಂಬುದು ವಿದ್ವಾಂಸರ ಬಹುಮತ. ಆದರೆ ತಾವು ಯದುವಂಶದವರೆಂಬ ಮಾತು ಅವರ ಮೊದಮೊದಲಿನ ದಾನಪತ್ರಗಳಲ್ಲಿ ಇಲ್ಲ. ಸಾಮ್ರಾಜ್ಯವು ಬಲಿತು, ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ಪ್ರಸಿದ್ಧವಾಗಿ, ಒಂಬತ್ತನೆಯ ಶತಮಾನದ ಉತ್ತರಾರ್ಧವು ಬಂದ ಮೇಲೆಯೇ ಅದು ಶಾಸನಗಳಲ್ಲಿ ಕಾಣತೊಡಗುವುದು. ತಂದೆ, ತಾತ, ಮುತ್ತಾತಂದಿರ ಹೆಸರುಗಳನ್ನು ಹೇಳುವಲ್ಲಿ ಶಾಸನವು ಸಾಮಾನ್ಯವಾಗಿ ಪ್ರಮಾಣ. ಅದಕ್ಕೂ ಹಿಂದಿನ ಪುರಾಣಪುರುಷನನ್ನು ಹೇಳುವಲ್ಲಿ ಅದು ಪ್ರಶಸ್ತಿ, ಎಂದರೆ ಹೊಗಳಿಕೆ. ಸಮಕಾಲೀನವಾಗಿ ಬರೆದುದನ್ನೂ ಗೆದ್ದ ಮೇಲೆ ಬರೆದುದನ್ನೂ ಬೇರೆ ಬೇರೆಯಾಗಿ ತೂಗಬೇಕೆಂಬ ಈ ನಿಯಮವನ್ನೇ ಬೆಲ್ಜಿಯಂ ಪಾರಿವಾಳಗಳ ವಂಶಪತ್ರಿಕೆಗಳಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಮುಂದಿನದೆಲ್ಲ ಅದರ ವಿವರಣೆ.

ಪಂದ್ಯಪಾರಿವಾಳವೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ಜನರು ನಿರ್ಮಿಸಿದ ತಳಿ. 1818ರಲ್ಲಿ ನೂರು ಮೈಲಿಗೂ ಮಿಗಿಲಾದ ಪಂದ್ಯವೊಂದು ಅಲ್ಲಿ ನಡೆಯಿತು. 1820ರಲ್ಲಿ ಪ್ಯಾರಿಸ್ಸಿನಿಂದ ಲಿಯೇಜ್ ಪಟ್ಟಣಕ್ಕೂ, 1823ರಲ್ಲಿ ಲಂಡನ್ನಿನಿಂದ ಬೆಲ್ಜಿಯಂಗೂ ಹಕ್ಕಿಗಳನ್ನು ಹಾರಿಸಿದರು. 1835ರಲ್ಲಿ ಬ್ರಸೆಲ್ಸ್ ಮತ್ತು ಮೆಖೆಲೆನ್‌ಗಳ ನಡುವೆ ರೈಲು ಓಡತೊಡಗಿ, ಮುಂದೆ ಆ ಚಿಕ್ಕ ದೇಶದ ಉದ್ದಗಲಕ್ಕೂ ಕಬ್ಬಿಣದ ಹಾದಿ ಹಬ್ಬಿದ ಮೇಲೆ, ಬುಟ್ಟಿಗಳಲ್ಲಿ ತುಂಬಿದ ಸಾವಿರಾರು ಹಕ್ಕಿಗಳನ್ನು ಗಡಿಯಾಚೆಗೆ ಒಯ್ದು ಒಂದೇ ಹೊತ್ತಿನಲ್ಲಿ ಬಿಡುವುದು ಗಣಿ ಕಾರ್ಮಿಕನಿಗೂ ನೇಯ್ಗೆಯವನಿಗೂ ಸಾಧ್ಯವಾಯಿತು. 1874ರಲ್ಲಿ ನಿಜಾಮರ ರೈಲುಹಾದಿಯು ತೆರೆದು ವಾಡಿಯು ಸಿಕಂದರಾಬಾದಿಗೆ ಕವಲೊಡೆಯುವ ಜಂಕ್ಷನ್ ಆದುದನ್ನೂ, ರೈಲಿನಿಂದ ಶಹಾಬಾದಿನ ಕಲ್ಲುಚಪ್ಪಡಿಗಳು ದೂರದೂರುಗಳಿಗೆ ಹೋಗುವಂತಾದುದನ್ನೂ ಬಲ್ಲವರಿಗೆ, ರೈಲು ಒಂದು ಸೀಮೆಯ ಜನಜೀವನವನ್ನು ಹೇಗೆ ತಿದ್ದಬಲ್ಲುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸುದ್ದಿ ಸಾಗಿಸುವುದಕ್ಕೂ ಈ ಹಕ್ಕಿಯು ಒದಗಿತು: ತಂತಿಯ ಸಾಲು ಇನ್ನೂ ಮುಟ್ಟದಿದ್ದ ಆಖೆನ್ ಮತ್ತು ಬ್ರಸೆಲ್ಸ್‌ಗಳ ನಡುವಣ ಅಂತರವನ್ನು 1850ರಲ್ಲಿ ಸುದ್ದಿಗಾರನಾದ ರಾಯಿಟರನು ತುಂಬಿದುದು ನಲವತ್ತೈದು ಪಾರಿವಾಳಗಳಿಂದ.

ಈ ಹಕ್ಕಿಯ ಮೂಲದ್ರವ್ಯಗಳು ಯಾವುವು? ಬಹು ಎತ್ತರದಲ್ಲಿ ಗಂಟೆಗಟ್ಟಲೆ ಹಾರುವ ಬಿಳಿಯ ಕ್ಯುಮ್ಯುಲೆ, ಗಿಡ್ಡ ಕೊಕ್ಕಿನ ಸ್ಮೆರ್ಲ್, ಇಂಗ್ಲೆಂಡಿನಿಂದ ಬಂದ ದೃಢಕಾಯದ ಡ್ರಾಗೂನ್ ಮತ್ತು ಕ್ಯಾರಿಯರ್, ಇವೇ ಮೊದಲಾದವುಗಳ ಬೆರಕೆ ಅದು. ಸ್ಮೆರ್ಲ್ ರಕ್ತವು ಮುಂದಾಗಿದ್ದ ಲಿಯೇಜ್ ಹಕ್ಕಿಯು ಚಿಕ್ಕದಾಗಿಯೂ, ಕ್ಯಾರಿಯರ್ ರಕ್ತವು ಹೆಚ್ಚಾಗಿದ್ದ ಆಂಟ್ವೆರ್ಪ್ ಹಕ್ಕಿಯು ದೊಡ್ಡದಾಗಿಯೂ ಇದ್ದು, ಮುಂದೆ ಎರಡೂ ಒಂದರಲ್ಲೊಂದು ಬೆರೆತುಹೋದುವು. ಆಂಟ್ವೆರ್ಪಿನ ಉಲೆನ್ಸ್, ಲೀರ್ ಊರಿನ ವೆಗ್ಗೆ, ವೆರ್ವಿಯೇಯ ಹಾನ್ಸೆನ್, ಇವರ ಹೆಸರುಗಳು ಇಂದಿನ ಅನೇಕ ವಂಶಪತ್ರಿಕೆಗಳ ಬುಡದಲ್ಲಿ ಕಾಣಿಸುವುವು. ಈ ಹೆಸರುಗಳ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ: ಇವರು ಮಹಾನುಭಾವರೆಂಬುದು ನಿಜ, ಆದರೆ ಇಂದು ಮಾರಾಟಕ್ಕಿಟ್ಟ ಹಕ್ಕಿಯೊಂದರ ಪತ್ರಿಕೆಯಲ್ಲಿ ವೆಗ್ಗೆಯ ಹೆಸರು ಬಂದರೆ, ಅದಕ್ಕೆ ಮಳಖೇಡದ ಅರಸನ ಪತ್ರದಲ್ಲಿ ಯದುವಿನ ಹೆಸರು ಬಂದಾಗ ಎಷ್ಟು ಪ್ರಾಮಾಣ್ಯವೋ ಅಷ್ಟೇ ಪ್ರಾಮಾಣ್ಯ.

ಇಲ್ಲಿ ಕುಲ ಅಥವಾ ಮನೆತನವೆಂದರೆ ಏನೆಂಬುದನ್ನು ಹೇಳಬೇಕು. ಒಬ್ಬ ಸಾಕಣೆಗಾರನು ತನ್ನ ಅಟ್ಟದ ಗೂಡಿನಲ್ಲಿ, ಕೆಲವೇ ಮೂಲದಂಪತಿಗಳಿಂದ ಪ್ರಾರಂಭಿಸಿ, ಸಮೀಪಬಂಧುಗಳನ್ನು ಪರಸ್ಪರ ಜೋಡಿಸುತ್ತ, ಪಂದ್ಯದಲ್ಲಿ ಸೋತವುಗಳನ್ನು ತೆಗೆದುಹಾಕುತ್ತ, ಮೂವತ್ತು ನಲವತ್ತು ವರ್ಷಗಳ ಕಾಲ ನಡೆಸಿದ ಆಯ್ಕೆಯ ಫಲವಾಗಿ, ಆ ಗೂಡಿನ ಹಕ್ಕಿಗಳೆಲ್ಲವೂ ಕಣ್ಣಿನಲ್ಲಿ, ರೆಕ್ಕೆಯಲ್ಲಿ, ಬೆನ್ನಿನ ಬಿಗಿಯಲ್ಲಿ ಒಂದನ್ನೊಂದು ಹೋಲುವಂತಾದಾಗ ಅದು ಮನೆತನವೆನಿಸುವುದು. ಅದಕ್ಕೆ ಆ ಮನುಷ್ಯನ ಹೆಸರೇ ಹೆಸರಾಗುವುದು.

ಇದಕ್ಕೆ ಅರೆಂಡೊಂಕ್ ಎಂಬ ಚಿಕ್ಕ ಊರಿನ ಯಾನ್ಸೆನ್ ಸಹೋದರರಿಗಿಂತ ಮೇಲಾದ ನಿದರ್ಶನವಿಲ್ಲ. ತಂದೆಯಾದ ಹೆನ್ರಿ ಯಾನ್ಸೆನ್ 1886ರಲ್ಲಿ ಪಾರಿವಾಳ ಸಾಕಲು ತೊಡಗಿದನು. ಅವನ ಮಕ್ಕಳಲ್ಲಿ ಹಲವರು ಅವಿವಾಹಿತರಾಗಿಯೇ ಉಳಿದು, ಅದೇ ಮನೆಯಲ್ಲಿ, ಅದೇ ಅಟ್ಟದ ಕೆಳಗೆ, ಇಪ್ಪತ್ತನೆಯ ಶತಮಾನವನ್ನೆಲ್ಲ ಆ ಹಕ್ಕಿಗಳ ಸೇವೆಯಲ್ಲಿ ಕಳೆದರು. ಅವರು ಹಕ್ಕಿಗಳಿಗೆ ಇಟ್ಟ ಹೆಸರುಗಳು ಸಹ ಅಲಂಕಾರರಹಿತವಾದುವು: 1951ರ ಅಂಜುಬುರುಕ, 1965ರ ಹಳೆಯ ಬಿಳಿಗಣ್ಣ, ಇನ್ನೊಂದಕ್ಕಂತೂ ಕಾಲಿನ ಉಂಗುರದ ಕಡೆಯ ಅಂಕಿಗಳಾದ 019 ಎಂಬುದೇ ಹೆಸರು. ಹೆಸರಿನಲ್ಲಿಯೇ ಹುಟ್ಟಿದ ವರ್ಷವನ್ನೋ ದೇಹಲಕ್ಷಣವನ್ನೋ ಇಡುವ ಈ ಪದ್ಧತಿಯಿಂದ ಅವರ ಗೂಡಿನ ವಂಶಾವಳಿಯು ತನ್ನಷ್ಟಕ್ಕೆ ತಾನೇ ತೇದಿಹಾಕಿದ ಶಾಸನದಂತಾಯಿತು. ಹೊರಗಿನ ರಕ್ತವನ್ನು ಅವರು ಬಹು ವಿರಳವಾಗಿ ತಂದರೆಂಬುದು ಪ್ರಸಿದ್ಧ; ಆದರೆ ತಂದೇ ಇಲ್ಲವೆಂಬುದು ಸರಿಯಲ್ಲ. ಗಡಿಯಾಚೆ ಹಾಲೆಂಡಿನ ರ್‍ಯೂಸೆಲ್ ಊರಿನಲ್ಲಿದ್ದ, ಯಾನ್ಸೆನ್ ಹಕ್ಕಿಗಳಿಂದಲೇ ಕೀರ್ತಿಗೆ ಬಂದ ಯೋಸ್ ಫಾನ್ ಲಿಂಪ್ಟನ ಗೂಡಿನಿಂದ ಬಂದ, ಅರ್ಧ ಯಾನ್ಸೆನ್ ಅರ್ಧ ಲಿಯೇಜಿನ ಫಾಬ್ರಿ ಮನೆತನದ್ದಾದ ‘ಅರೆ ಫಾಬ್ರಿ’ಯು ಈ ಶುದ್ಧವಂಶದ ಮಧ್ಯದಲ್ಲಿ ತನ್ನ ಸ್ಥಾನವನ್ನು ಪಡೆದಿದೆ. ಬಿಗಿಯಾದ ಸಗೋತ್ರಸಂಬಂಧವು ಬಹುಕಾಲ ನಡೆದರೆ ಮೊಟ್ಟೆಗಳು ಒಡೆಯದೆ ಕೆಡುವುದೂ ಮರಿಗಳು ರೋಗಕ್ಕೆ ತುತ್ತಾಗುವುದೂ ಸಹಜವಾದಕಾರಣ, ಜಾಣನಾದ ಸಾಕಣೆಗಾರನು ಎಂದಾದರೂ ಒಮ್ಮೆ ಬಾಗಿಲನ್ನು ತೆರೆಯಲೇಬೇಕು. ಯಾವಾಗ ತೆರೆದನು, ಯಾರಿಗೆ ತೆರೆದನು, ಎಂಬುದೇ ಮನೆತನದ ನಿಜವಾದ ಇತಿಹಾಸ; ನನಗೆ ಯಾನ್ಸೆನ್ನರ ಮೇಲಿನ ಗೌರವವು ಈ ಅರೆ ಫಾಬ್ರಿಯಿಂದ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ದೂರಪಂದ್ಯಗಳ ಹಕ್ಕಿಗಳ ಕಥೆ ಬೇರೆ. ಪಶ್ಚಿಮ ಫ್ಲಾಂಡರ್ಸಿನ ಲಾವೆ ಊರಿನ ಅಲೋಯ್ಸ್ ಸ್ಟಿಕೆಲ್‌ಬೌಟನು 1946ರಲ್ಲಿ ತೀರಿಕೊಂಡ ಮೇಲೆ ಅವನ ಗೂಡು ಚದುರಿಹೋಯಿತು. ಆದರೆ ಆ ರಕ್ತವನ್ನು ಪಡೆದ ಮೂರೆ ಊರಿನ ಕಾಟ್ರೈಸೆ ಸಹೋದರರು ಮೊದಲಾದವರ ಕೈಯಲ್ಲಿ ಅದು ಮೊದಲಿಗಿಂತಲೂ ಅಧಿಕವಾದ ಪ್ರಖ್ಯಾತಿಯನ್ನು ಗಳಿಸಿತು. ಮೂಲಪುರುಷನು ಬದುಕಿದ್ದಾಗ ಅವನ ಗೂಡಿನಲ್ಲಿ ಮುಗಿದ ಕುಲ ಒಂದು ಬಗೆ. ಅವನು ಸತ್ತ ಮೇಲೆ ಶಾಖೋಪಶಾಖೆಯಾಗಿ ಬೆಳೆದ ಕುಲ ಇನ್ನೊಂದು ಬಗೆ. ಬ್ರಸೆಲ್ಸಿನ ಕ್ಯುರೆಗೆಮ್ ಸಂಘವು ನಡೆಸುವ ಬಾರ್ಸಿಲೋನಾ ಪಂದ್ಯದಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು, ನಡುವೆ ರಾತ್ರಿಯನ್ನು ಕಳೆದು ಹಾರಿಬರುವ ಹಕ್ಕಿಗಳ ಪೂರ್ವಜರನ್ನು ಹುಡುಕುವವನು ಬಹುಮಟ್ಟಿಗೆ ಈ ಎರಡನೆಯ ಬಗೆಯ ಕುಲಗಳಲ್ಲಿಯೇ ಸಂಚರಿಸಬೇಕಾಗುವುದು. ಬೆಲ್ಜಿಯಂ ಸಾಕಣೆಗಾರ ಜಾರ್ಜ್ ಬುಶಾರ್ಟನ ಹಕ್ಕಿಗಳು ಟಾಮ್ ಲಾರ್ಕಿನ್ಸನ ಮೂಲಕ ಇಂಗ್ಲೆಂಡಿಗೆ ಹೋಗಿ ಅಲ್ಲಿ ಮನೆಮಾತಾದುದೂ ಹೀಗೆಯೇ. ಆದರೆ ಅಲ್ಲಿ ಆ ಹೆಸರು ಎಷ್ಟು ಗೂಡುಗಳಿಗೆ ಹಬ್ಬಿತೆಂದರೆ, ಕೊನೆಕೊನೆಗೆ ಅದು ಯಾವ ರಕ್ತವನ್ನೂ ನಿರ್ದಿಷ್ಟವಾಗಿ ಸೂಚಿಸದಾಯಿತು.

ಈ ಸೂಚಕಶಕ್ತಿಯು ನಶಿಸುವುದು ಹೇಗೆಂಬುದನ್ನು ಲೆಕ್ಕವೇ ತೋರಿಸುವುದು. ಒಂದು ಹಕ್ಕಿಗೆ ಇಬ್ಬರು ತಂದೆತಾಯಿಗಳು, ನಾಲ್ವರು ಅಜ್ಜ ಅಜ್ಜಿಯರು. ಹೀಗೆ ಹತ್ತನೆಯ ತಲೆಮಾರಿಗೆ 1,024 ಪೂರ್ವಜಸ್ಥಾನಗಳು. ಪಾರಿವಾಳದ ಒಂದು ತಲೆಮಾರನ್ನು ಮೂರು ವರ್ಷವೆಂದು ಹಿಡಿದರೂ ಹತ್ತು ತಲೆಮಾರುಗಳು ಮೂವತ್ತು ವರ್ಷಗಳಲ್ಲಿ ಮುಗಿದುಹೋಗುವುವು. 1886ರಿಂದ ಇಂದಿನವರೆಗೆ ನಲವತ್ತಕ್ಕೂ ಮಿಕ್ಕಿ ತಲೆಮಾರುಗಳು. ಹೊರಗಿನ ಜೋಡಿಯನ್ನೇ ಪ್ರತಿಸಾರಿ ತಂದಲ್ಲಿ, ಪ್ರಸಿದ್ಧ ಪೂರ್ವಜನೊಬ್ಬನ ಅಂಶವು ಹತ್ತನೆಯ ತಲೆಮಾರಿನಲ್ಲಿ ಸಾವಿರದಲ್ಲಿ ಒಂದು ಪಾಲೂ ಉಳಿಯದು. ಸಗೋತ್ರಸಂಬಂಧದಿಂದ ಅದನ್ನು ಮತ್ತೆ ಮತ್ತೆ ಒಟ್ಟುಗೂಡಿಸಿದಲ್ಲಿ ಮಾತ್ರ ಅದು ಉಳಿಯುವುದು. ಆದುದರಿಂದ ಪತ್ರಿಕೆಯಲ್ಲಿ ಒಂದು ಹೆಸರು ಎಷ್ಟು ಹಿಂದೆ ಬರುತ್ತದೆಂಬುದಕ್ಕಿಂತ, ಎಷ್ಟು ಸಲ, ಎಷ್ಟು ಹತ್ತಿರದಲ್ಲಿ, ತಂದೆಯ ಕಡೆಗೂ ತಾಯಿಯ ಕಡೆಗೂ ಬರುತ್ತದೆಯೇ ಎಂಬುದನ್ನು ನೋಡಬೇಕು.

ಪ್ರಮಾಣಗಳಲ್ಲಿ ಮೊದಲನೆಯದು ಕಾಲುಂಗುರ. ಮರಿಗೆ ಒಂದು ವಾರವಾಗುವಷ್ಟರಲ್ಲಿ ಮುಂದಿನ ಮೂರು ಬೆರಳುಗಳನ್ನು ಕೂಡಿಸಿ, ಸಂದಿಲ್ಲದ ಉಂಗುರವನ್ನು ಅವುಗಳ ಮೇಲೆ ಸರಿಸಿ, ಹಿಂಬೆರಳನ್ನು ಅದರೊಳಗಿಂದ ಹೊರಕ್ಕೆಳೆದುಕೊಳ್ಳುವರು. ಕಾಲು ದಪ್ಪವಾದ ಮೇಲೆ ಅದನ್ನು ಕತ್ತರಿಸದೆ ತೆಗೆಯಲಾಗದು. ದೇಶ, ವರ್ಷ, ಸಂಖ್ಯೆಗಳು ಅದರ ಮೇಲೆ ಕೆತ್ತಿರುವುವು. 1910ರಲ್ಲಿ ಸ್ಥಾಪಿತವಾದ ಬೆಲ್ಜಿಯಂ ರಾಷ್ಟ್ರೀಯ ಪಾರಿವಾಳ ಒಕ್ಕೂಟವು ಉಂಗುರದ ಜೊತೆಗೆ ಒಡೆತನದ ಪತ್ರವನ್ನೂ ಕೊಡುವುದು. ಎರಡನೆಯದು ಪಂದ್ಯದ ಫಲಿತಾಂಶ: ಬಿಟ್ಟ ಸ್ಥಳದಿಂದ ಒಂದೊಂದು ಗೂಡಿಗೂ ಇರುವ ದೂರವನ್ನು ಪ್ರತ್ಯೇಕವಾಗಿ ಅಳೆದು, ಹಾರಿದ ಕಾಲದಿಂದ ಭಾಗಿಸಿ, ನಿಮಿಷಕ್ಕೆ ಇಷ್ಟು ಮೀಟರೆಂದು ವೇಗವನ್ನು ಗೊತ್ತುಮಾಡುವರು. ಇವೆರಡೂ ಸಮಕಾಲೀನ ದಾಖಲೆಗಳು. ವಂಶಪತ್ರಿಕೆಯಾದರೋ ಮಾರುವವನು ಮಾರುವ ಕಾಲದಲ್ಲಿ ಬರೆದುದು. ಹುಟ್ಟಿದ ವರ್ಷಕ್ಕೆ ಉಂಗುರವು ಸಾಕ್ಷಿಯಾದೀತು. ಹೆತ್ತವರಿಗೆ ಅದು ಸಾಕ್ಷಿಯಾಗದು. ಪಾರಿವಾಳಗಳು ದಾಂಪತ್ಯನಿಷ್ಠವೆಂಬ ಕೀರ್ತಿಯುಳ್ಳವು. ಗಂಡು ಹಗಲಿನಲ್ಲಿಯೂ ಹೆಣ್ಣು ರಾತ್ರಿಯಲ್ಲಿಯೂ ಕಾವು ಕೂತು, ಹದಿನೇಳು ಹದಿನೆಂಟು ದಿನಗಳಲ್ಲಿ ಎರಡು ಮರಿಗಳನ್ನು ತಂದು, ಗಂಟಲಿನ ಹಾಲನ್ನು ಎರಡೂ ಊಡುವುವು. ಆದರೂ ಹಲವು ಜೋಡಿಗಳು ಒಂದೇ ಗೂಡಿನಲ್ಲಿದ್ದಾಗ ಹೆಣ್ಣು ಪಕ್ಕದ ಗಂಡನ್ನು ಕೂಡುವುದು ಅಪರೂಪವಲ್ಲ.

ಇಂತಹ ಸಂದರ್ಭದಲ್ಲಿ ಬಣ್ಣವು ಕೆಲವೊಮ್ಮೆ ನಿರ್ಣಾಯಕವಾಗುವುದು. ಪಕ್ಷಿಗಳಲ್ಲಿ ಲಿಂಗವನ್ನು ನಿರ್ಧರಿಸುವ ವರ್ಣತಂತುಗಳಲ್ಲಿ ಈ ಬಣ್ಣದ ಗುಣವನ್ನು ಹೊತ್ತ ಬಗೆಯದು ಗಂಡಿನಲ್ಲಿ ಎರಡು, ಹೆಣ್ಣಿನಲ್ಲಿ ಒಂದೇ ಇರುವುದು. ಅದನ್ನು ಆಕೆ ಗಂಡುಮರಿಗೆ ಮಾತ್ರ ಕೊಡುವಳು, ಹೆಣ್ಣುಮರಿಗೆ ಆ ಗುಣವು ತಂದೆಯಿಂದಲೇ ಬರುವುದು. ಆದಕಾರಣ ನೀಲಿ ಗಂಡಿಗೂ ಬೂದಿಗೆಂಪು ಹೆಣ್ಣಿಗೂ ಹುಟ್ಟಿದ ಗಂಡುಮರಿಗಳೆಲ್ಲ ಬೂದಿಗೆಂಪು, ಹೆಣ್ಣುಮರಿಗಳೆಲ್ಲ ನೀಲಿ. ಅಂಥ ದಂಪತಿಗಳ ಬೂದಿಗೆಂಪು ಮಗಳೆಂದು, ಅಥವಾ ನೀಲಿ ದಂಪತಿಗಳ ಬೂದಿಗೆಂಪು ಮರಿಯೆಂದು ಯಾವ ಪತ್ರಿಕೆಯಾದರೂ ಹೇಳಿದರೆ, ಆ ಪತ್ರಿಕೆಯು ತಪ್ಪೆಂಬುದನ್ನು ನೋಡಿದೊಡನೆಯೇ ಹೇಳಬಹುದು. ಈಚೆಗೆ ಗರಿಯ ಬುಡದಿಂದ ಡಿಎನ್ಎ ತೆಗೆದು ತಂದೆತಾಯಿಗಳನ್ನು ಪರೀಕ್ಷಿಸುವ ಕ್ರಮವು ಬಂದು, ಬೆಲೆಬಾಳುವ ಹಕ್ಕಿಗಳ ಮಾರಾಟದಲ್ಲಿ ಅದು ವಾಡಿಕೆಯಾಗಿರುವುದು. 2013ರಲ್ಲಿ ಬಂಡೆಪಾರಿವಾಳದ ಸಂಪೂರ್ಣ ಜೀನೋಮ್ ಪ್ರಕಟವಾದ ಮೇಲೆ ತಳಿತಳಿಗಳ ನಡುವಣ ಸಂಬಂಧವೂ ಸ್ಪಷ್ಟವಾಗುತ್ತಿದೆ. ಆದರೆ ಪರೀಕ್ಷೆಗೆ ಹಕ್ಕಿಯ ಜೊತೆಗೆ ಅದರ ಹೆತ್ತವರ ಗರಿಯೂ ಬೇಕು; ಸತ್ತುಹೋದ ಪೂರ್ವಜರ ಮಟ್ಟಿಗೆ ಕಾಗದವೇ ಉಳಿಯುವುದು.

ಆ ಕಾಗದವೂ ಎರಡು ಮಹಾಯುದ್ಧಗಳಲ್ಲಿ ಹರಿದುಹೋದುದು ದುಃಖದ ವಿಷಯ. 1914ರಲ್ಲಿ ಬೆಲ್ಜಿಯಂ ದೇಶವನ್ನು ಆಕ್ರಮಿಸಿದ ಜರ್ಮನರು, ಪಾರಿವಾಳಗಳು ಗುಪ್ತಸುದ್ದಿ ಒಯ್ಯಬಹುದೆಂಬ ಭಯದಿಂದ ಖಾಸಗಿ ಗೂಡುಗಳನ್ನು ನಿರ್ಬಂಧಿಸಿದರು. ಲೆಕ್ಕವಿಲ್ಲದಷ್ಟು ಹಕ್ಕಿಗಳ ಕತ್ತು ಮುರಿಯಲಾಯಿತು. ಅಳಿದುಳಿದ ಕೆಲವನ್ನು ಜನರು ಮರೆಯಲ್ಲಿಟ್ಟು ಸಾಕಿದರು. ಬ್ರಸೆಲ್ಸಿನಲ್ಲಿ 1931ರಲ್ಲಿ ನಿಂತ ಯೋಧಪಾರಿವಾಳಗಳ ಸ್ಮಾರಕವು ಆ ಯುದ್ಧದ ಹಕ್ಕಿಗಳ ನೆನಪಿನ ಗುರುತು. ಯುದ್ಧಪೂರ್ವದ ಕುಲಗಳನ್ನು ಯುದ್ಧಾನಂತರದ ಕುಲಗಳಿಗೆ ಅವಿಚ್ಛಿನ್ನವಾಗಿ ಜೋಡಿಸುವ ಪತ್ರಿಕೆಗಳನ್ನು ಓದುವಾಗ ಈ ಕಂದಕವನ್ನು ನೆನಪಿಡಬೇಕು.

ನಮ್ಮ ದೇಶಕ್ಕೆ ಬಂದರೆ, ಪಾರಿವಾಳದ ವ್ಯಸನವು ಇಲ್ಲಿ ಬೆಲ್ಜಿಯಂಗಿಂತ ಬಹು ಪ್ರಾಚೀನ. ಅಕ್ಬರನ ಅರಮನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳಿದ್ದು ಅವುಗಳಲ್ಲಿ ಐನೂರು ಮಾತ್ರ ‘ಖಾಸಾ’, ಎಂದರೆ ವಿಶೇಷವಾಗಿ ಆಯ್ದವು, ಎನಿಸಿದ್ದುವೆಂದು ಅಬುಲ್ ಫಜಲನು ಬರೆದಿರುವನು. ತಳಿಬೆರಕೆಯಿಂದ ಬಾದಶಹನು ಅವುಗಳನ್ನು ಉತ್ತಮಗೊಳಿಸಿದುದನ್ನು ಡಾರ್ವಿನ್ನನೂ ಉಲ್ಲೇಖಿಸಿದನು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ದಖನಿ ಮಾತಿನ ಓಣಿಗಳಲ್ಲಿ ಕಬೂತರ್‌ಬಾಜಿ ಎಂಬುದೇ ಈ ವ್ಯಸನದ ಹೆಸರು. ಲಕ್ಕಾ, ಲೋಟನ್ ಎಂಬ ತಳಿಯ ಹೆಸರುಗಳೂ ಆ ಪರಂಪರೆಯವೇ. ಆದರೆ ಆ ಪರಂಪರೆಯು ಎತ್ತರವನ್ನೂ ಹಾರಾಟದ ಹೊತ್ತನ್ನೂ ಚೆಲುವನ್ನೂ ಬಯಸಿತು. ದೂರದಿಂದ ಮನೆಗೆ ಮರಳುವ ಬೆಲ್ಜಿಯಂ ಹೋಮರ್ ಬಂದುದು ಆಧುನಿಕ ಕಾಲದಲ್ಲಿ, ಬಹುಮಟ್ಟಿಗೆ ಸೈನ್ಯದ ಮೂಲಕ. 1946ರಲ್ಲಿ ಸೈನ್ಯದಿಂದ ಒಡಿಶಾದ ಪೊಲೀಸರಿಗೆ ಬಂದ ಹಕ್ಕಿಗಳು ಕೊರಾಪುಟದ ಗುಡ್ಡಗಾಡಿನ ಠಾಣೆಗಳ ನಡುವೆ ಸುದ್ದಿ ಒಯ್ದುವು. 1948ರಲ್ಲಿ ಸಂಬಲಪುರದಲ್ಲಿದ್ದ ನೆಹರೂ ಅವರ ಸಂದೇಶವನ್ನು ಕಟಕಕ್ಕೆ ತಲುಪಿಸಿದುವು. ಇಂದು ಬೆಂಗಳೂರು, ಚೆನ್ನೈ, ಕೋಲ್ಕತ್ತಾಗಳಲ್ಲಿ ಪಂದ್ಯಸಂಘಗಳಿವೆ. ಅಲ್ಲಿನ ಗೂಡುಗಳಲ್ಲಿಯೂ ಯಾನ್ಸೆನ್ ಎಂಬ ಹೆಸರು ಕೇಳಿಬರುವುದು. ಬೆಲ್ಜಿಯಂ ತಂಪಿನಲ್ಲಿ ರೂಪುಗೊಂಡ ಹಕ್ಕಿಯು ದಖನ್ನಿನ ಬಿಸಿಲಿನಲ್ಲಿ, ಗಿಡುಗಗಳ ಹಾವಳಿಯ ನಡುವೆ ಹಾರಬೇಕಾದಾಗ ಆಯ್ಕೆಯ ಮಾನದಂಡವೇ ಬದಲಾಗುವುದರಿಂದ, ಇಲ್ಲಿ ಹಲವು ತಲೆಮಾರು ಪಂದ್ಯ ಹಾರಿ ಉಳಿದ ಹಕ್ಕಿಯನ್ನು ಇಲ್ಲಿಯ ಕುಲವೆಂದೇ ಕರೆಯುವುದು ನ್ಯಾಯ. ಅದಕ್ಕೆ ಅರೆಂಡೊಂಕಿನ ಹೆಸರನ್ನು ಅಂಟಿಸುವುದರಿಂದ ಇಲ್ಲಿಯ ಸಾಕಣೆಗಾರನ ದುಡಿಮೆಗೆ ಅನ್ಯಾಯವಾಗುವುದು.

ಇದೇ ಪ್ರಶ್ನೆಯು ನಮ್ಮ ಕೊಟ್ಟಿಗೆಯಲ್ಲಿಯೂ ಇದೆ. ಬೀದರ್ ಜಿಲ್ಲೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಚಿಂಚೋಳಿಯ ಕಡೆಗೂ ರೈತರು ಸಾಕುವ ದೇವಣಿ ದನವು, ಲಾತೂರು ಜಿಲ್ಲೆಯ ದೇವಣಿ ಊರಿನ ಹೆಸರನ್ನು ಹೊತ್ತುದು. ರಾಷ್ಟ್ರಕೂಟರು ತಮ್ಮ ಮೂಲವೆಂದ ಸೀಮೆಯೇ ಅದರ ಮೂಲವೂ ಆಗಿದೆ. ಗಿರ್, ಡಾಂಗಿ ಮತ್ತು ಸ್ಥಳೀಯ ದನಗಳ ಬೆರಕೆಯಿಂದ ಅದು ಉದ್ಭವಿಸಿತೆಂಬುದು ಪಶುಶಾಸ್ತ್ರಜ್ಞರ ಮತ. ಅದರಲ್ಲಿ ಮೈಯೆಲ್ಲ ಬಿಳಿಯಾದ ಬಾಲಂಕ್ಯಾ, ಬಿಳಿಯ ಮೈಗೆ ಕರಿಯ ಮುಖವಿರುವ ವಾನ್ನೇರಾ, ಕರಿಬಿಳಿ ಮಚ್ಚೆಗಳ ವಾಘ್ಯಾಡ್ ಎಂದು ಮೂರು ಕವಲುಗಳನ್ನು ಹೇಳುವರು. ಗಮನಿಸಬೇಕಾದುದೇನೆಂದರೆ, ಬೆಲ್ಜಿಯಂನಲ್ಲಿ ಕುಲವು ಮನುಷ್ಯನ ಹೆಸರಿನಿಂದ ನಡೆದರೆ ಇಲ್ಲಿ ಅದು ಊರಿನ ಹೆಸರಿನಿಂದಲೂ ಬಣ್ಣದಿಂದಲೂ ನಡೆದಿದೆ. ಯಾವ ರೈತನು ಯಾವ ಹೋರಿಯನ್ನು ಏಕೆ ಆರಿಸಿದನೆಂಬುದನ್ನು ಬರೆದಿಟ್ಟವರಿಲ್ಲ. ಬಣ್ಣವು ಕೆಲವೇ ಗುಣಾಣುಗಳ ಆಟವಾದುದರಿಂದ, ಒಂದೇ ಬಣ್ಣದ ಎರಡು ಹಸುಗಳು ಹಾಲಿನಲ್ಲಾಗಲಿ ಗೇಯ್ಮೆಯಲ್ಲಾಗಲಿ ಒಂದೇ ಕುಲದವೆಂದು ಹೇಳಲು ಬಾರದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವು ಈ ತಳಿಯ ರಕ್ಷಣೆಯಲ್ಲಿ ತೊಡಗಿದೆ. ಇತ್ತ ದನಗಳ ಕಿವಿಗೆ ಹನ್ನೆರಡು ಅಂಕಿಗಳ ಬಿಲ್ಲೆಯನ್ನು ಹಾಕುವ ಕೆಲಸವೂ ನಡೆದಿದೆ. ಬಿಲ್ಲೆಯು ಪಾರಿವಾಳದ ಉಂಗುರಕ್ಕೆ ಸಮಾನ. ಅದರ ಮುಂದೆ ತಂದೆಯಾದ ಹೋರಿಯ ಸಂಖ್ಯೆಯನ್ನೂ ತಾಯಿಯ ಹಾಲಿನ ಅಳತೆಯನ್ನೂ ಕರು ಹುಟ್ಟಿದ ವಾರದಲ್ಲಿಯೇ ಬರೆದಲ್ಲಿ ಮಾತ್ರ ಅದು ವಂಶಾವಳಿಯಾದೀತು. ಚಿತ್ತಾಪುರದ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ಸರಸ್ವತೀ ಭಂಡಾರಿಗರೆಂಬ ಗ್ರಂಥಪಾಲಕರಿಗೆ ವೃತ್ತಿಯನ್ನು ಬಿಟ್ಟುಕೊಟ್ಟಿದ್ದ ಸೀಮೆ ಇದು. ಬರೆದುದನ್ನು ಕಾಯುವವನಿಗೂ ಅನ್ನ ಬೇಕೆಂಬುದನ್ನು ಆ ಕಾಲದವರು ಬಲ್ಲವರಾಗಿದ್ದರು.

ಹಾಗಾದರೆ ಇಂದು ಬೆಲ್ಜಿಯಂ ಕುಲದ್ದೆಂದು ಹೇಳುವ ಹಕ್ಕಿಯೊಂದನ್ನು ಕೊಳ್ಳಹೊರಟವನು ಕೇಳಬೇಕಾದುದು ಏನು? ಮೂರು ತಲೆಮಾರಿನ ಉಂಗುರಸಂಖ್ಯೆಗಳನ್ನು ಕೇಳಬೇಕು. ತಂದೆತಾಯಿಗಳು ಬದುಕಿದ್ದರೆ ಅವುಗಳನ್ನು ಕಣ್ಣಾರೆ ನೋಡಬೇಕು, ಬಣ್ಣವನ್ನು ತಾಳೆನೋಡಬೇಕು, ಹಣ ಹೆಚ್ಚಾದರೆ ಗರಿಯ ಪರೀಕ್ಷೆಯನ್ನೂ ಬೇಡಬೇಕು. ಆ ಹಕ್ಕಿ ಗೆದ್ದಿದೆಯೇ ಎಂಬುದಕ್ಕಿಂತ ಅದರ ಒಡಹುಟ್ಟಿದವುಗಳಲ್ಲಿ ಎಷ್ಟು ಗೆದ್ದಿವೆ, ಎಷ್ಟು ಹಕ್ಕಿಗಳ ನಡುವೆ, ಎಷ್ಟು ದೂರದಿಂದ, ಎದುರುಗಾಳಿಯಲ್ಲಿಯೋ ಹಿಂಗಾಳಿಯಲ್ಲಿಯೋ ಎಂಬುದನ್ನು ವಿಚಾರಿಸಬೇಕು. ನಾಲ್ಕನೆಯ ತಲೆಮಾರಿನಿಂದ ಮೇಲಕ್ಕಿರುವ ಹೆಸರುಗಳನ್ನು, ಅವು ಎಷ್ಟೇ ದೊಡ್ಡವಾಗಿದ್ದರೂ, ಗೌರವದಿಂದ ಓದಿ ಬೆಲೆಯಿಂದ ಹೊರಗಿಡಬೇಕು.